ಹೊಂಗೆ ಮರದ ತನಕ ನೀರು

ಬೆಳಿಗ್ಗೆ ಪೇಪರ್ ಕೈಗೆ ಬಂದ ಕೂಡಲೇ ನಾನು ಹುಡುಕುವುದು ಒಂದು ಪುಟ್ಟ ಚೌಕವನ್ನು. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಮೈಸೂರು ಮಂಡ್ಯದ ಕಡೆ ಇದನ್ನು ನೋಡದೆ ಪೇಪರ್ ಮಡಚುವವರು ಕಮ್ಮಿ. ಮಂಡ್ಯದ ರೈತರಿಗೆ ಅದು ನಾಲೆಗೆ ನೀರು ಬಿಡ್ತಾರಾ ಇಲ್ವಾ ಅನ್ನುವ ಲೆಕ್ಕ. ಮೈಸೂರಿನ ಮನೆಗಳಿಗೆ ನಲ್ಲಿ ನೀರಿನ ಲೆಕ್ಕ. ನನಗೆ ಇವೆರಡರ ಜೊತೆ ಇನ್ನೊಂದು ಲೆಕ್ಕವೂ ಇದೆ. ಯಜಮಾನ್ರ ತೆಪ್ಪ ಓಡುತ್ತಾ?

ಯಜಮಾನ್ರು ಅಂದರೆ ಕೆಆರ್‌ಎಸ್‌ನ, ನಮ್ಮ ಬಾಯಲ್ಲಿ ಕನ್ನಂಬಾಡಿ ಕಟ್ಟೆಯ, ಹಿನ್ನೀರಿನ ಒಂದು ಕವಲಿನಲ್ಲಿ ಜನರನ್ನೂ ಸೈಕಲ್ಲುಗಳನ್ನೂ ದಾಟಿಸುವ ಹಿರಿಯರು. ಮೀನು ಹಿಡಿಯುವುದು ಅವರ ಕಸುಬು. ದಾಟಿಸುವುದು ಅದರ ಜೊತೆ ಅಂಟಿಕೊಂಡು ಬಂದಿದ್ದು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಊರಿನ ಹೆಸರನ್ನೂ ಬರೆಯುವುದಿಲ್ಲ. "ಬರ್ಕೊಳಿ ಸಾ, ಆದ್ರೆ ಊರ್ ಎಸ್ರು ಬ್ಯಾಡ. ಬಾನುವಾರ ಜನ ತುಂಬ್ಕೊಂಡ್ರೆ ನಮ್ ಕೂಲಿ ಎಣ್ಮಕ್ಳಿಗೆ ಜಾಗ ಸಿಕ್ಕಲ್ಲ" ಅಂತ ಅವರೇ ಹೇಳಿದ್ದಾರೆ. ಮೀನಾಕ್ಷಿಪುರದ ಹಿನ್ನೀರಿನ ದಡದಲ್ಲಿ ರಜಾ ದಿನ ಎಷ್ಟು ಕಾರು ನಿಲ್ಲುತ್ತವೆ ಅಂತ ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ.

ನಾನು ಮತ್ತೆ ಸೈಕಲ್ ಹತ್ತಿದ್ದು 2017ರಲ್ಲಿ. ಆ ವರ್ಷ ಜೂನ್‌ನಲ್ಲಿ ಮೈಸೂರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾಯಿತಲ್ಲ, ಮೊದಮೊದಲು ಸುಮ್ನೆ ಕುಕ್ಕರಹಳ್ಳಿ ಕೆರೆ ತನಕ ಹೋಗಿ ಬರುತ್ತಿದ್ದೆ. ಆಮೇಲೆ ಸ್ವಂತ ಸೈಕಲ್ ಬಂತು. ಶನಿವಾರ ಭಾನುವಾರ ಇಲವಾಲದ ಕಡೆ, ಸಾಗರಕಟ್ಟೆ ಕಡೆ ತುಳಿಯಲು ಶುರು ಮಾಡಿದೆ. 2018ರ ಅಕ್ಟೋಬರ್‌ನ ಒಂದು ಬೆಳಿಗ್ಗೆ ದಾರಿ ತಪ್ಪಿ ಒಂದು ಹಳ್ಳಿಯೊಳಗೆ ಹೋದೆ. ಅಲ್ಲಿ ಡಾಂಬರು ರಸ್ತೆ ಸೀದಾ ಇಳಿದು ನೀರಿನೊಳಗೇ ಹೋಗುತ್ತಿತ್ತು. ಅಡ್ಡಗಟ್ಟೆ ಇಲ್ಲ, ಬೋರ್ಡ್ ಇಲ್ಲ. ರಸ್ತೆ ನೀರಿಗಿಳಿದು ಕಾಣೆಯಾಗಿತ್ತು. ನೀರಂಚಿನಲ್ಲಿ ಕುಡುಗೋಲು, ಬುತ್ತಿ ಹಿಡಿದ ಆರೇಳು ಹೆಂಗಸರು ಕೂತಿದ್ದರು. ಪಕ್ಕದಲ್ಲಿ ಯೂನಿಫಾರಂ ಹಾಕಿದ ಹುಡುಗಿಯೊಬ್ಬಳು ಸೈಕಲ್ ಹಿಡಿದು ನಿಂತಿದ್ದಳು. ಅವಳು ಬೆಲ್ ಒತ್ತಿದಳು. ಮೂರು ಸಲ, ಬಿಟ್ಟು ಬಿಟ್ಟು. ನೀರಿನ ಮೇಲೆ ಆ ಸದ್ದು ತೇಲಿಕೊಂಡು ಹೋಯಿತು. ಆಚೆ ದಡದಿಂದ ಕಪ್ಪು ಚುಕ್ಕಿಯೊಂದು ಹೊರಟಿತು.

"ಬೆಲ್ ಒಡುದ್ರೆ ತಾತ ಬತ್ತದೆ ಅಂಕಲ್" ಅಂದಳು.

ಅದೇ ಮೊದಲು ನಾನು ಆ ತೆಪ್ಪ ಹತ್ತಿದ್ದು. ಆಚೆ ದಡಕ್ಕೆ ರಸ್ತೆಯಲ್ಲಿ ಸುತ್ತಿ ಹೋದರೆ ಸೈಕಲ್ಲಿಗೆ ಒಂದೂವರೆ ಗಂಟೆ. ನಡೆದು ಹೋಗುವವರ ಪಾಡು ಕೇಳಲೇಬೇಡಿ. ತೆಪ್ಪದಲ್ಲಿ ಹದಿನೈದು ನಿಮಿಷ.

ಈ ದಾಟುವಿಕೆ ವರ್ಷವಿಡೀ ಇರುವುದಿಲ್ಲ. ಕಟ್ಟೆಯಲ್ಲಿ ನೀರಿದ್ದರೆ ಈ ಕವಲಿನಲ್ಲೂ ನೀರು. ಮುಂಗಾರು ಚೆನ್ನಾಗಿ ಹಿಡಿದರೆ ಆಷಾಢ ಕಳೆಯುವ ಹೊತ್ತಿಗೆ ಶುರುವಾಗಿ ಶಿವರಾತ್ರಿ ತನಕ ನಡೆಯುತ್ತದೆ. ಆಮೇಲೆ ನೀರು ಹಿಂದಕ್ಕೆ ಸರಿಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಅದೇ ಜಾಗದಲ್ಲಿ ಜನ ನಡೆದೇ ದಾಟುತ್ತಾರೆ. ಕೆಳಗೆ ಒಡೆದ ಮಣ್ಣು, ನಡುವೆ ಮೊಣಕಾಲುದ್ದದ ಹಳ್ಳ. ದನ ಮೇಯುತ್ತಿರುತ್ತವೆ. ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ಹಳ್ಳ ದಾಟಿ, ಆಚೆ ಮತ್ತೆ ತುಳಿಯಬಹುದು. ನೀರಿದ್ದಾಗ ತೆಪ್ಪ, ಇಲ್ಲದಾಗ ಕಾಲು. ಜನ ಯಾವಾಗಲೂ ದಾಟುತ್ತಲೇ ಇರುತ್ತಾರೆ.

ಬೇರೆ ಹೊಳೆಗಳಲ್ಲಿ ದಾಟುವ ಕಡೆ ಒಂದು ಗೊತ್ತಾದ ಜಾಗ ಇರುತ್ತದೆ. ಮೆಟ್ಟಿಲೋ ಬಂಡೆಯೋ ಕಟ್ಟೆಯೋ ಇರುತ್ತದೆ. ಹಿನ್ನೀರಿನಲ್ಲಿ ಅದು ಆಗುವುದಿಲ್ಲ. ದಡ ಅನ್ನುವುದೇ ವಾರಕ್ಕೊಂದು ಕಡೆ ಇರುತ್ತದೆ. ಇಲ್ಲಿನ ನೆಲ ಇಳಿಜಾರು ಕಮ್ಮಿ, ಹಾಗಾಗಿ ಕಟ್ಟೆಯಲ್ಲಿ ನೀರು ಒಂದು ಅಡಿ ಏರಿದರೆ ಇಲ್ಲಿ ಎಷ್ಟೋ ಮಾರು ಹೊಲ ಮುಳುಗುತ್ತದೆ. ಒಂದು ಅಡಿ ಇಳಿದರೆ ಅಷ್ಟೇ ಕೆಸರು ಎದ್ದು ಕೂರುತ್ತದೆ. ತೆಪ್ಪ ಕಟ್ಟುವ ಗೂಟವನ್ನು ಯಜಮಾನ್ರು ಒಂದು ಹಂಗಾಮಿನಲ್ಲಿ ಎಷ್ಟು ಸಲ ಕಿತ್ತು ನೆಡುತ್ತಾರೋ ಅವರಿಗೇ ಲೆಕ್ಕವಿಲ್ಲ. "ಇವತ್ತಿಲ್ಲಿ, ನಾಳೀಕೆ ಆ ಬೇಲಿ ತಾವ" ಅಂತ ಹೇಳಿ ಬಿಡುತ್ತಾರೆ. ಅವರ ಮಾತಿನಲ್ಲಿ ಅಡಿ ಲೆಕ್ಕ ಬರುವುದೇ ಇಲ್ಲ. ಅವರಿಗೆ ಗುರುತುಗಳಿವೆ. ನೀರು ಆನೆಬಂಡೆ ಮುಚ್ಚಿದರೆ ತೆಪ್ಪ ಇಳಿಸಬಹುದು. ಹಳೇ ರಸ್ತೆಯ ಮೋರಿ ಮುಳುಗಿದರೆ ಸೈಕಲ್ ಹಾಕಬಹುದು. ಹೊಂಗೆ ಮರದ ಬೇರಿಗೆ ಬಂದರೆ ಕಟ್ಟೆ ತುಂಬಿತು ಅಂತ ಅರ್ಥ.

ನಾನು ಡೈರಿಯ ಕೊನೇ ಪುಟದಲ್ಲಿ ಇವೆರಡನ್ನೂ ಅಕ್ಕಪಕ್ಕ ಬರೆದಿಟ್ಟುಕೊಂಡಿದ್ದೇನೆ. ಪೇಪರಿನ ಅಂಕಿ ಒಂದು ಕಡೆ, ಯಜಮಾನ್ರ ಗುರುತು ಇನ್ನೊಂದು ಕಡೆ. ಆನೆಬಂಡೆ ಮುಳುಗುವುದು ಸುಮಾರು 110 ಅಡಿಗೆ. ಮೋರಿ 113ಕ್ಕೆ. ಹೊಂಗೆ ಮರದ ಬೇರು ಒದ್ದೆಯಾಗುವುದು 124 ದಾಟಿದ ಮೇಲೆ. ಏಳು ವರ್ಷದಲ್ಲಿ ಇದು ಹೆಚ್ಚುಕಮ್ಮಿ ತಪ್ಪಿಲ್ಲ. ಪೇಪರಿನ ಅಂಕಿಗೂ ಹೊಲದಂಚಿನ ಒಂದು ಮರಕ್ಕೂ ಹೀಗೆ ತಾಳೆಯಾದಾಗ ನನಗೆ ಆಗುವ ಖುಷಿ ಹೇಳತೀರದು.

ಈ ನೀರು ಇಲ್ಲಿಗೆ ಬಂದಿದ್ದೂ ಒಂದು ಕಥೆ, ನಮ್ಮೆಲ್ಲರಿಗೂ ಗೊತ್ತಿರುವಂಥದ್ದು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ 1911ರಲ್ಲಿ ಕೆಲಸ ಶುರುವಾಗಿ, ಮುಗಿಯುವ ಹೊತ್ತಿಗೆ ಎರಡು ದಶಕವೇ ಹಿಡಿಯಿತು. ಕೆಲಸ ಶುರುವಾದಾಗ ಮುಖ್ಯ ಎಂಜಿನಿಯರ್ ಆಗಿದ್ದವರು ವಿಶ್ವೇಶ್ವರಯ್ಯನವರು. ಸಿಮೆಂಟಿನ ಬದಲು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ ಗೋಡೆ ಅದು. ತುಂಬಿದಾಗ 49.45 ಟಿಎಂಸಿ ನೀರು ಹಿಡಿಯುತ್ತದೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಅದರೊಳಗೆ ಸೇರುತ್ತವೆ. ಆದರೆ ಗೋಡೆ ಎದ್ದಾಗ ಅದರ ಹಿಂದಿದ್ದ ಊರುಗಳೂ ಮುಳುಗಿದವು ಅಲ್ವಾ. ಕನ್ನಂಬಾಡಿ ಅನ್ನುವ ಊರೇ ನೀರಿನಡಿ ಹೋಯಿತು. ಹೊಯ್ಸಳರ ಕಾಲದ ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿ ದಶಕಗಳ ಕಾಲ ನೀರಲ್ಲಿದ್ದು, ಬರ ಬಂದಾಗ ಮಾತ್ರ ತಲೆ ಎತ್ತುತ್ತಿತ್ತು. ಆಮೇಲೆ ಕಲ್ಲು ಕಲ್ಲನ್ನೂ ಬಿಚ್ಚಿ ಹೊಸ ಕನ್ನಂಬಾಡಿಯ ಎತ್ತರದ ಜಾಗದಲ್ಲಿ ಮತ್ತೆ ಕಟ್ಟಿದರು. ಕಟ್ಟೆ ತುಂಬಿದಾಗ ಈಗಲೂ ನೀರು ಆ ಗುಡಿಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ.

ಗುಡಿಯನ್ನು ಎತ್ತಿ ಮೇಲಿಟ್ಟರು. ಊರುಗಳನ್ನೂ ಮೇಲಕ್ಕೆ ಕಳಿಸಿದರು. ಆದರೆ ಊರಿಂದೂರಿಗೆ ಇದ್ದ ದಾರಿಗಳು? ಅವು ಅಲ್ಲೇ ಉಳಿದವು, ನೀರಿನಡಿ. ನಾನು ಅವತ್ತು ನೋಡಿದ ರಸ್ತೆಯೂ ಅಂಥದ್ದೇ ಒಂದು ಹಳೇ ಗಾಡಿ ದಾರಿಯ ಮುಂದುವರಿಕೆ. ಈಚೆಯ ಊರಿನ ಹೆಣ್ಣುಮಕ್ಕಳನ್ನು ಆಚೆ ಊರಿಗೆ ಕೊಟ್ಟಿರುತ್ತಾರೆ. ಆಚೆಯವರ ಜಮೀನು ಈಚೆ ಇರುತ್ತದೆ. ನೀರು ಬಂತು ಅಂತ ನೆಂಟಸ್ತನ ಬಿಟ್ಟುಹೋಗುತ್ತಾ? ಹಾಗಾಗಿ ತೆಪ್ಪ ಬಂತು. ನಾನು ಅದನ್ನು ಮೋಜಿನ ದೋಣಿ ವಿಹಾರ ಅಂತ ಯಾವತ್ತೂ ನೋಡಿಲ್ಲ. ಅದು ಅಲ್ಲಿನ ರಸ್ತೆ. ಮುಳುಗಿದ ರಸ್ತೆಯ ಬದಲಿಗೆ ಬಂದ ರಸ್ತೆ.

ತೆಪ್ಪ ಅಂದೆ. ಪುಸ್ತಕದಲ್ಲಿ ಹರಿಗೋಲು ಅಂತ ಬರೆಯುತ್ತಾರೆ. ಅದನ್ನು ನೋಡದವರಿಗಾಗಿ ಹೇಳುತ್ತೇನೆ. ಬಿದಿರಿನ ದಬ್ಬೆ ಸೀಳಿ ಹೆಣೆದ ದೊಡ್ಡ ದುಂಡು ಬುಟ್ಟಿ. ಹಿಂದೆ ಹೊರಮೈಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲ ಹೊದಿಸಿ ಮೇಲೆ ಡಾಂಬರು ಬಳಿಯುತ್ತಾರೆ. ಇದಕ್ಕೆ ಮುಂದು ಹಿಂದು ಅಂತ ಇಲ್ಲ, ಹಾಗಾಗಿ ಹುಟ್ಟು ಹಾಕಲು ಬಾರದವನ ಕೈಯಲ್ಲಿ ಸುಮ್ನೆ ಗಿರಗಿರ ತಿರುಗುತ್ತದೆ. ಯಜಮಾನ್ರು ಅಂಚಿಗೆ ಎದೆ ಒತ್ತಿ ಬಗ್ಗಿ, ಮುಂದಿನ ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಹುಟ್ಟು ನೀರೊಳಗೆ ಇಂಗ್ಲಿಷ್ ಎಂಟರ ಆಕಾರದಲ್ಲಿ ಓಡಾಡುತ್ತದೆ. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು. ಎರಡೂ ಸಮ ಇದ್ದರೆ ತೆಪ್ಪ ನೆಟ್ಟಗೆ ಹೋಗುತ್ತದೆ. ನಾನೂ ಎರಡು ಸಲ ಹಿಡಿದು ನೋಡಿದೆ. ಹತ್ತು ಮಾರು ಹೋಗುವಷ್ಟರಲ್ಲಿ ತೋಳು ಬಿದ್ದು ಹೋಯಿತು. ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು.

ಸೈಕಲ್ ಹಾಕುವುದೇ ಒಂದು ಕೆಲಸ. ಅದನ್ನು ಹತ್ತಿರದಿಂದ ನೋಡಬೇಕು. ಮೊದಲು ಜನರನ್ನು ಹತ್ತಿಸುವುದಿಲ್ಲ. ಯಜಮಾನ್ರು ತೆಪ್ಪದ ತಳಕ್ಕೆ ಎರಡು ಗೋಣಿಚೀಲ ಹಾಸುತ್ತಾರೆ. ಆಮೇಲೆ ಇನ್ನೊಂದು ಗೋಣಿಯನ್ನು ಸೈಕಲ್ಲಿನ ಪೆಡಲ್ಲಿಗೂ ಚೈನಿನ ದೊಡ್ಡ ಚಕ್ರಕ್ಕೂ ಸೇರಿಸಿ ಸುತ್ತಿ ಹುರಿಯಿಂದ ಕಟ್ಟುತ್ತಾರೆ. ಆ ಚಕ್ರದ ಹಲ್ಲು ಇದೆಯಲ್ಲ, ತೆಪ್ಪಕ್ಕೆ ಅದೇ ಶತ್ರು. ದಬ್ಬೆಗಳ ಸಂದಿಯಲ್ಲಿ ಒಂದು ಹಲ್ಲು ಇಳಿದು ಚೀಲ ಹರಿದರೆ, ನಡು ನೀರಲ್ಲಿ ಅದಕ್ಕೆ ಮದ್ದಿಲ್ಲ. ಕಟ್ಟಿದ ಮೇಲೆ ಅಂಗೈಯಿಂದ ಒತ್ತಿ ನೋಡುತ್ತಾರೆ. ಹಲ್ಲು ಕೈಗೆ ತಗುಲಿದರೆ ಮತ್ತೊಂದು ಮಡಿಕೆ. ಆಮೇಲೆ ಸೈಕಲ್ಲನ್ನು ಎತ್ತಿ ನಡುವೆ ನಿಲ್ಲಿಸಿ, ಹ್ಯಾಂಡಲ್ ಅಡ್ಡ ತಿರುಗಿಸಿ, ಸೀಟನ್ನು ಒಬ್ಬರ ಕೈಗೆ ಕೊಡುತ್ತಾರೆ. ದಪ್ಪ ಇರುವವರು ಒಂದು ಕಡೆ, ಅವರೆದುರು ಇಬ್ಬರು ಸಣ್ಣವರು. ಎಲ್ಲರೂ ಕುಕ್ಕರುಗಾಲಲ್ಲಿ. ಬುತ್ತಿ ಮಡಿಲಲ್ಲಿ. ಒಂದು ತೆಪ್ಪಕ್ಕೆ ಒಂದೇ ಸೈಕಲ್, ಜೊತೆಗೆ ನಾಲ್ಕು ಜನ. ಎರಡನೇ ಸೈಕಲ್ ಇದ್ದರೆ ಎರಡನೇ ಸುತ್ತು. ಯಾರು ಎಷ್ಟು ಅವಸರ ಮಾಡಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಆಳಿಗೆ ಇಪ್ಪತ್ತು ರೂಪಾಯಿ, ಸೈಕಲ್ಲಿಗೆ ಹತ್ತು. ಸ್ಕೂಲ್ ಮಕ್ಕಳಿಂದ ಈಸ್ಕೊಳ್ಳುವುದಿಲ್ಲ.

ಹೊತ್ತೂ ಗೊತ್ತುಮಾಡಿದ್ದಾರೆ. ಬೆಳಿಗ್ಗೆ ಮಂಜು ಬಿಟ್ಟ ಮೇಲಿಂದ ಹತ್ತೂವರೆ ತನಕ, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವ ತನಕ. ನಡುವೆ ಗಾಳಿ. ಅಷ್ಟು ಅಗಲದ ಬಯಲು ನೀರಿನ ಮೇಲೆ ಬಿಸಿಲೇರಿದಂತೆ ಗಾಳಿ ಎದ್ದು ಅಲೆ ಏಳುತ್ತದೆ. ದಡದಲ್ಲಿ ನಿಂತು ನೋಡಿದರೆ ಗೇಣುದ್ದದ ಅಲೆ, ಏನೂ ಅನಿಸುವುದಿಲ್ಲ. ಬುಟ್ಟಿಯೊಳಗೆ ಕೂತವರಿಗೇ ಅದರ ಭಯ ಗೊತ್ತು.

ನನಗೆ ಅದು ಗೊತ್ತಾಗಿದ್ದು 2019ರ ಆಗಸ್ಟ್‌ನಲ್ಲಿ. ತಪ್ಪು ನನ್ನದೇ. ಆಚೆ ದಡದಲ್ಲಿ ಹರಟುತ್ತಾ ಹೊತ್ತು ಹೋಗಿಬಿಟ್ಟಿತ್ತು. ಹನ್ನೊಂದೂವರೆಗೆ ಬಂದು, ಮಧ್ಯಾಹ್ನ ಮನೆಯಲ್ಲಿ ಕೆಲಸವಿದೆ, ಹೇಗಾದರೂ ದಾಟಿಸಿ ಅಂತ ಕೇಳಿಕೊಂಡೆ. ಯಜಮಾನ್ರು ಬೇಡ ಅಂದರು. ನಾನು ಮತ್ತೆ ಕೇಳಿದೆ. ಅವರು ಆಕಾಶ ನೋಡಿ, ಸುಮ್ಮನೆ ಗೋಣಿ ಹಾಸಿದರು. ನನ್ನ ಜೊತೆ ಆಸ್ಪತ್ರೆಗೆ ಹೊರಟಿದ್ದ ಒಬ್ಬ ಅಜ್ಜಿ, ಅವರ ಮಗ. ಅರ್ಧ ದಾರಿಗೆ ಗಾಳಿ ತಿರುಗಿತು. ಒಂದು ಅಲೆ ಅಂಚು ದಾಟಿ ಒಳಗೆ ಬಂತು. ಹಿಂದೆಯೇ ಇನ್ನೊಂದು. ಸೈಕಲ್ ವಾಲಿತು. ನಾನು ಅದನ್ನು ಹಿಡಿಯಲು ಅರ್ಧ ಎದ್ದೆ. "ಯಾರೂ ಏಳ್ಬ್ಯಾಡಿ! ಸೈಕಲ್ ಓದ್ರೆ ಓಗ್ಲಿ!" ಅಂತ ಯಜಮಾನ್ರು ಕೂಗಿದ ದನಿ ಈಗಲೂ ಕಿವಿಯಲ್ಲಿದೆ. ಅಜ್ಜಿಯ ಮಗ ಡಬ್ಬದಲ್ಲಿ ನೀರು ಎತ್ತಿ ಎತ್ತಿ ಚೆಲ್ಲುತ್ತಿದ್ದ. ಅಜ್ಜಿ ಕಣ್ಣು ಮುಚ್ಚಿ ನನ್ನ ಮೊಣಕೈ ಹಿಡಿದಿದ್ದರು. ಪಾದ ಮುಳುಗುವಷ್ಟು ನೀರಲ್ಲಿ ಕೂತು ದಡ ಸೇರಿದೆವು. ಯಾರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ನನಗೆ ಈಜು ಬರುತ್ತದೆ. ಅಜ್ಜಿಗೆ ಬರುತ್ತಿರಲಿಲ್ಲ. ಮನೆಗೆ ಬಂದು ಆ ರಾತ್ರಿ ನಿದ್ದೆ ಮಾಡಲಿಲ್ಲ. ನನ್ನ ಒಂದು ಮಧ್ಯಾಹ್ನದ ಅವಸರಕ್ಕೆ ಮೂರು ಜೀವಗಳನ್ನು ನೀರಿಗೆ ಎಳೆದಿದ್ದೆನಲ್ಲ.

ಮುಂದಿನ ವಾರ ಹೋಗಿ ಅಜ್ಜಿಯ ಕಾಲು ಹಿಡಿದು ಬಂದೆ. ಅವರು "ಬುಡಪ್ಪ, ಕಾವೇರವ್ವ ಕಾಯ್ತಾಳೆ" ಅಂದರು. ಕಾಯುತ್ತಾಳೆ ಸರಿ, ಆದರೆ ಕೇರಳ, ಕರ್ನಾಟಕ ಎಲ್ಲಾ ಕಡೆ ದೋಣಿ, ತೆಪ್ಪ ಮಗುಚಿದ ಸುದ್ದಿ ಓದುತ್ತಲೇ ಇರುತ್ತೇವೆ. ಪ್ರತಿ ಸಲವೂ ಕಾರಣ ಅವೇ: ಜನ ಜಾಸ್ತಿ, ಗಾಳಿ, ಜಾಕೆಟ್ ಇಲ್ಲ. ನಮ್ಮ ಸೈಕಲ್ ಗೆಳೆಯರು ಸೇರಿ ದುಡ್ಡು ಹಾಕಿ ಎಂಟು ಜಾಕೆಟ್ ತಂದುಕೊಟ್ಟೆವು, ಎರಡು ಮಕ್ಕಳ ಅಳತೆಯವು. ಮೊದಮೊದಲು ಹೆಂಗಸರು ಹಾಕಿಕೊಳ್ಳಲು ಒಪ್ಪಲಿಲ್ಲ. ಸೀರೆ ಮೇಲೆ ಅದೇನು ಅಂತ ಸಂಕೋಚ. ಬೆಲ್ ಒತ್ತಿದ್ದಳಲ್ಲ ಆ ಹುಡುಗಿ, ಅವಳೇ ದಾರಿ ತೋರಿಸಿದಳು. ತಾನು ಹಾಕಿಕೊಂಡು, ತನ್ನ ಅವ್ವನಿಗೂ ಹಾಕಿ, ಬಕಲ್ ಚಕ್ ಅಂತ ಒತ್ತಿ, "ಆಕ್ಕೊಳ್ದಿದ್ರೆ ತಾತ ಗೂಟ ಬಿಚ್ಚಲ್ಲ" ಅಂತ ಎಲ್ಲರಿಗೂ ಹೇಳಿದಳು. ತಾತನೂ ಆ ಮಾತಿಗೆ ಕಟ್ಟುಬಿದ್ದರು. ಈಗ ಅದೇ ಅಲ್ಲಿನ ಕಾನೂನು.

ಆ ಹುಡುಗಿಯ ಸೈಕಲ್ ಬಗ್ಗೆಯೂ ಹೇಳಬೇಕು. ಅದು ಅವಳ ಅಕ್ಕನದ್ದು. ನಮ್ಮ ರಾಜ್ಯದಲ್ಲಿ 2006–07ರಿಂದ ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದರು. ಹಳ್ಳಿ ಹೆಣ್ಣುಮಕ್ಕಳು ಹೈಸ್ಕೂಲ್ ಮುಟ್ಟುವುದಕ್ಕೆ ಅದು ಎಷ್ಟು ಅನುಕೂಲ ಮಾಡಿತು ಅಂತ ಯಾವ ಊರಲ್ಲಿ ಕೇಳಿದರೂ ಹೇಳುತ್ತಾರೆ. ಅಕ್ಕ ಓಡಿಸಿದ ಸೈಕಲ್ಲಿಗೆ ಹೊಸ ಟ್ಯೂಬು, ಹೊಸ ಬ್ರೇಕ್ ರಬ್ಬರು ಹಾಕಿಸಿ ತಂಗಿ ಓಡಿಸುತ್ತಿದ್ದಳು. ಆಚೆ ದಡದಿಂದ ಶಾಲೆಗೆ ಇನ್ನೂ ನಾಲ್ಕು ಕಿಲೋಮೀಟರ್ ಇತ್ತು. ತೆಪ್ಪ ಇಲ್ಲದಿದ್ದರೆ ಆ ಸೈಕಲ್ಲಿಗೆ ಅರ್ಥವಿಲ್ಲ, ಸೈಕಲ್ ಇಲ್ಲದಿದ್ದರೆ ತೆಪ್ಪ ಇಳಿದ ಮೇಲೆ ಶಾಲೆಗೆ ಹೊತ್ತಾಗುತ್ತದೆ. ಎರಡೂ ಸೇರಿಯೇ ಅವಳ ಹಾದಿ.

ನನ್ನ ಅಕ್ಕನ ಮಗಳು ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿದ್ದಾಳೆ. ನಾನು ಕಳಿಸಿದ ತೆಪ್ಪದ ಫೋಟೋ ನೋಡಿ, ಮಾಮ, ನಮ್ಮೂರಲ್ಲೂ ಇಂಥದ್ದೇ ಒಂದಿದೆ ಅಂತ ಫೋನ್ ಮಾಡಿದಳು. ಅಲ್ಲಿ ಬರ್ಲಿಂಗ್ಟನ್ ಪಕ್ಕ ಚಾಂಪ್ಲೇನ್ ಅನ್ನುವ ಭಾರೀ ಸರೋವರ. ನೂರಕ್ಕೂ ಜಾಸ್ತಿ ವರ್ಷಗಳ ಹಿಂದೆ ರೈಲಿಗಾಗಿ ಸರೋವರದ ಮೇಲೆ ಅಮೃತಶಿಲೆಯ ಬಂಡೆ ಪೇರಿಸಿ ಮೈಲಿಗಟ್ಟಲೆ ಉದ್ದದ ಏರಿ ಹಾಕಿದ್ದರು. ಈಗ ರೈಲಿಲ್ಲ, ಏರಿಯ ಮೇಲೆ ಸೈಕಲ್ ದಾರಿ. ನಡುವೆ ದೋಣಿಗಳು ಹಾಯಲು ಬಿಟ್ಟ ಸುಮಾರು 200 ಅಡಿಯ ಕಂಡಿ ಇದೆ. ಆ ಕಂಡಿಯನ್ನು ದಾಟಿಸಲೆಂದೇ ಲೋಕಲ್ ಮೋಷನ್ ಅನ್ನುವ ಸಂಸ್ಥೆಯವರು ಒಂದು ಪುಟ್ಟ ದೋಣಿ ನಡೆಸುತ್ತಾರೆ. ಸೈಕಲ್‌ನವರು, ನಡೆಯುವವರು ಮಾತ್ರ. ಬೇಸಿಗೆಯಲ್ಲಿ ಶುರುವಾಗಿ ಚಳಿಗಾಲಕ್ಕೆ ಮುಂಚೆ ನಿಲ್ಲುತ್ತದೆ. 200 ಅಡಿಗೆ ಒಂದು ದೋಣಿ! ಎರಡು ಮೂರು ನಿಮಿಷದ ದಾರಿ. ಅವರು ಅದನ್ನು ದಾರಿಯ ಒಂದು ತುಂಡು ಅಂತಲೇ ನೋಡಿಕೊಳ್ಳುತ್ತಾರೆ. ಹೊತ್ತಿನ ಪಟ್ಟಿ ಇದೆ, ಸೈಕಲ್ ನಿಲ್ಲಿಸಲು ಜಾಗ ಇದೆ. ಅವಳು ಹೇಳುತ್ತಿದ್ದಾಗ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಆಸೆಯಾಯಿತು.

ನಮ್ಮಲ್ಲಿ ನೀರು ದಾಟುವ ಮಾತು ಬಂದರೆ ಎರಡೇ ದಾರಿ: ಸೇತುವೆ, ಇಲ್ಲವೇ ಏನೂ ಇಲ್ಲ. ಸೇತುವೆ ಬೇಡ ಅಂತ ನಾನು ಹೇಳುವುದಿಲ್ಲ. ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿನ ಜನ ಲಾಂಚ್ ನಂಬಿಕೊಂಡು ಎಷ್ಟು ವರ್ಷ ಕಷ್ಟಪಟ್ಟರು. ಬೇಸಿಗೆಯಲ್ಲಿ ನೀರಿಳಿದರೆ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಗುತ್ತಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಸೇತುವೆಯ ಉದ್ಘಾಟನೆಯಾದಾಗ ನನಗೂ ಸಂತೋಷವಾಯಿತು. ಆಂಬುಲೆನ್ಸ್ ಹೋಗಬೇಕಾದಲ್ಲಿ ಸೇತುವೆಯೇ ಬೇಕು. ನಮ್ಮದೇ ಜಿಲ್ಲೆಯ ಎಚ್.ಡಿ. ಕೋಟೆ ಕಡೆ ಬೈರಕುಪ್ಪೆಯಲ್ಲಿ ಕಪಿಲೆ ದಾಟಿದರೆ ಕೇರಳದ ಪೆರಿಕಲ್ಲೂರು. ಅಲ್ಲಿ 1994ರಲ್ಲೇ ಸೇತುವೆಗೆ ಅಡಿಗಲ್ಲು ಹಾಕಿದ್ದರು. ಕಂಬ ಏಳಲಿಲ್ಲ, ಜನ ದೋಣಿಯಲ್ಲೇ ದಾಟುತ್ತಾ ಬಂದರು. ಸೇತುವೆ ಬರುವ ತನಕ ದಾಟುವವರ ಗತಿ ಏನು? ಸೇತುವೆ ಬರಲು ಸಾಧ್ಯವೇ ಇಲ್ಲದ ಇಂಥ ಸಣ್ಣ ಕವಲುಗಳ ಗತಿ ಏನು?

ಈ ಕವಲಿಗೆ ಯಾರೂ ಸೇತುವೆ ಕಟ್ಟುವುದಿಲ್ಲ, ಅದು ಯಜಮಾನ್ರಿಗೂ ಗೊತ್ತು. ಅವರು ಕೇಳುವುದೂ ಅದನ್ನಲ್ಲ. ಒಂದು ಸಲ ನಾನೇ ಒತ್ತಾಯ ಮಾಡಿ ಕೇಳಿದೆ, ಏನಾದರೆ ಅನುಕೂಲ ಯಜಮಾನ್ರೇ ಅಂತ. ತುಂಬಾ ಹೊತ್ತು ಯೋಚನೆ ಮಾಡಿ ಹೇಳಿದರು. "ಇಳ್ಯೋ ತಾವ ನಾಕ್ ಚಪ್ಪಟೆ ಕಲ್ಲು ಸಾ. ಬಸ್ರಿ ಎಂಗಸ್ರು ಕೆಸ್ರಲ್ಲಿ ಜಾರ್ತಾರೆ. ಇನ್ನೊಂದು ಒಳ್ಳೆ ತೆಪ್ಪ. ನನ್ಗೆ ಸೀತ ಬಂದ್ರೆ ಉಟ್ಟಾಕೋಕೆ ಇನ್ನೊಬ್ಬ." ಇಷ್ಟೇ. ಮೂರು ಮಾತು. ನನ್ನ ಡೈರಿಯಲ್ಲಿ ಅದೂ ಇದೆ, ಅಡಿ ಲೆಕ್ಕದ ಕೆಳಗೆ. ಒಂದು ಪಂಚಾಯಿತಿ ಸಭೆಗೆ ಈ ಮೂರನ್ನು ಬರೆದ ಅರ್ಜಿ ಕೊಟ್ಟೆವು. ಅಲ್ಲಿದ್ದವರು ಒಳ್ಳೆಯ ಮಾತಲ್ಲೇ ಹೇಳಿದರು, ದಡವೇ ಒಂದು ಕಡೆ ನಿಲ್ಲಲ್ಲ, ಕಲ್ಲು ಎಲ್ಲಿ ಹಾಕೋಣ ಅಂತ. ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಆನೆಬಂಡೆಯಲ್ಲಿ ಒಂದು ಸಾಲು, ಮೋರಿಯಲ್ಲಿ ಒಂದು, ಹೊಂಗೆ ಮರದಲ್ಲಿ ಒಂದು. ಮೂರು ಕಡೆ ಹಾಕಿದರೆ ಹೆಚ್ಚಿನ ದಿನ ಒಂದಲ್ಲ ಒಂದು ಹತ್ತಿರವಾಗುತ್ತದೆ. ಅರ್ಜಿ ಇನ್ನೂ ಅಲ್ಲೇ ಇದೆ. ನಾನು ಬಿಟ್ಟಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. ಕಟ್ಟೆ ತುಂಬಲೇ ಇಲ್ಲ. ತೆಪ್ಪ ಎರಡು ಮೂರು ವಾರ ಓಡಿ ನಿಂತಿತು. ಆಮೇಲೆ ಬಂದ ಬೇಸಿಗೆಯಲ್ಲಿ ಹೋದಾಗ ಕವಲಿನ ನಡು ನೆಲದಲ್ಲಿ ಹಳೇ ಗಾಡಿ ದಾರಿ ಸ್ಪಷ್ಟವಾಗಿ ಕಂಡಿತು. ಎರಡು ಬದಿಗೆ ಕಲ್ಲು ಜೋಡಿಸಿದ್ದ ಏರು. ಅದರ ಮೇಲೆ ಸೈಕಲ್ ತುಳಿದುಕೊಂಡು ಹೋದೆ. ಐದು ವರ್ಷ ಯಾವುದರ ಮೇಲೆ ತೇಲುತ್ತಿದ್ದೆನೋ ಅದರ ಮೇಲೆ ಚಕ್ರ ಉರುಳುತ್ತಿತ್ತು. ಆ ಹೊತ್ತು ಮನಸ್ಸಿಗೆ ಆಗಿದ್ದನ್ನು ಏನಂತ ಹೇಳಲಿ. ದಾರಿ ಚೆನ್ನಾಗಿಯೇ ಇತ್ತು, ಆದರೆ ಅದು ಕಂಡಿದ್ದು ಮಂಡ್ಯದ ಹೊಲಗಳೆಲ್ಲ ಒಣಗಿದ್ದ ವರ್ಷ. ಯಜಮಾನ್ರು ಆ ವರ್ಷ ಗಾರೆ ಕೆಲಸಕ್ಕೆ ಮೈಸೂರಿಗೆ ಬಂದಿದ್ದರು.

ಬೇಸಿಗೆ ಅಂದರೆ ತೆಪ್ಪದ ರಿಪೇರಿ ಕಾಲ. ಮನೆ ಮುಂದೆ ತೆಪ್ಪವನ್ನು ಬೋರಲು ಹಾಕಿರುತ್ತಾರೆ. ಹಳೇ ಡಾಂಬರಿನ ಹೊಪ್ಪಳಿಕೆ ಕೆರೆದು ತೆಗೆದು, ಸೀಳಿದ ದಬ್ಬೆ ಬದಲಿಸಿ, ಗೊಬ್ಬರದ ಚೀಲ ಬಿಚ್ಚಿ ಹೊಲಿದು ಹೊದಿಸುತ್ತಾರೆ. ಆಮೇಲೆ ಎಣ್ಣೆ ಡಬ್ಬದಲ್ಲಿ ಡಾಂಬರು ಕಾಯಿಸಿ, ಕೋಲಿಗೆ ಬಟ್ಟೆ ಸುತ್ತಿ ಬಳಿಯುತ್ತಾರೆ. ಬಿಸಿ ಜಾಸ್ತಿಯಾದರೆ ಚೀಲ ಸುಟ್ಟುಹೋಗುತ್ತದೆ, ಕಮ್ಮಿಯಾದರೆ ಹತ್ತುವುದಿಲ್ಲ. ಇದೆಲ್ಲ ಜೂನ್ ಮುಗಿಯುವ ಹೊತ್ತಿಗೆ ಆದರೆ ಸಾಕು, ಅಲ್ಲಿ ತನಕ ನೀರು ಬರುವುದಿಲ್ಲ ಅನ್ನುವುದು ವರ್ಷಗಳ ಲೆಕ್ಕ.

2025ರಲ್ಲಿ ಆ ಲೆಕ್ಕ ತಪ್ಪಿತು. ಮೇ 24ಕ್ಕೇ ಕೇರಳಕ್ಕೆ ಮುಂಗಾರು ಬಂತು. ಕೊಡಗಿನಲ್ಲಿ ಬಿಡದೆ ಸುರಿಯಿತು. ಪೇಪರಿನ ಚೌಕದಲ್ಲಿ ಅಂಕಿ ದಿನಾ ಹಾರುತ್ತಿತ್ತು. ಜೂನ್ ಮೂರನೇ ವಾರ ನಾನು ಫೋನ್ ಮಾಡಿದಾಗ ಯಜಮಾನ್ರ ದನಿಯಲ್ಲಿ ಗಾಬರಿ. "ಆನೆಬಂಡೆ ಮುಚ್ಚೋಯ್ತು ಸಾ. ತೆಪ್ಪ ಇನ್ನೂ ಬೋರ್ಲು ಬಿದ್ದದೆ. ಮಳೇಲಿ ಡಾಂಬ್ರು ಎಂಗ್ ಬಳೀಲಿ?" ಎರಡೂ ಊರಿನ ನಡುವೆ ದಾರಿ ಕಡಿದಿತ್ತು. ನಡೆಯಲು ನೀರು ಜಾಸ್ತಿ, ತೇಲಲು ತೆಪ್ಪವಿಲ್ಲ.

ಶನಿವಾರ ಮಳೆಯಲ್ಲೇ ಹೋದೆವು, ನಾನು ಮತ್ತು ಇಬ್ಬರು ಗೆಳೆಯರು. ಹೋಗುವ ಹೊತ್ತಿಗೆ ಊರವರೇ ದನದ ಕೊಟ್ಟಿಗೆ ಖಾಲಿ ಮಾಡಿ ತೆಪ್ಪವನ್ನು ಒಳಗೆ ತಂದಿದ್ದರು. ಹಸುಗಳು ಜಗಲಿ ಮೇಲೆ. ಒಬ್ಬರು ಒಲೆ ಊದುತ್ತಿದ್ದರು, ಇಬ್ಬರು ಚೀಲ ಎಳೆದು ಹಿಡಿದಿದ್ದರು, ಯಜಮಾನ್ರು ಬಳಿಯುತ್ತಿದ್ದರು. ಆ ಹೊಗೆ, ಆ ವಾಸನೆ, ಹೊರಗೆ ಸುರಿಯುವ ಮಳೆ. ನಾವೂ ಕೈ ಹಾಕಿದೆವು. ರಾತ್ರಿ ಹತ್ತರ ತನಕ ಕೆಲಸ ನಡೆಯಿತು. ಯಜಮಾನ್ರ ಮನೆಯ ಅವ್ವ ಎಲ್ಲರಿಗೂ ಮುದ್ದೆ, ಹುರುಳಿ ಸಾರು ಬಡಿಸಿದರು. ಡಾಂಬರು ಮೆತ್ತಿದ ಕೈಯನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದು ಉಂಡೆವು.

ಜೂನ್ 30ಕ್ಕೆ ಕಟ್ಟೆ ತುಂಬಿ ಬಾಗಿನ ಕೊಟ್ಟರು. ಕಟ್ಟೆ ಕಟ್ಟಿದ ಮೇಲೆ ಜೂನ್ ತಿಂಗಳಲ್ಲೇ ತುಂಬಿದ್ದು ಅದೇ ಮೊದಲು. ಆ ವಾರದ ಕೊನೆಗೆ ನಾನು ಹೋದಾಗ ನೀರು ಹೊಂಗೆ ಮರದ ಬೇರು ಮುಚ್ಚಿ ಕಾಂಡಕ್ಕೆ ತಗುಲುತ್ತಿತ್ತು. ಯಜಮಾನ್ರು ಗೂಟ ನೆಡಲಿಲ್ಲ, ಹಗ್ಗವನ್ನು ಮರಕ್ಕೇ ಕಟ್ಟಿದ್ದರು. ಅವರ ಪಕ್ಕದಲ್ಲಿ ಹದಿನೆಂಟರ ಒಬ್ಬ ಹುಡುಗ ಹುಟ್ಟು ಹಿಡಿದು ನಿಂತಿದ್ದ. ತಂಗಿಯ ಮೊಮ್ಮಗನಂತೆ. ಹಿಂದಿನ ವಾರದಿಂದ ಕಲಿಯುತ್ತಿದ್ದ. ಅವನು ಎಡಕ್ಕೆ ಜಾಸ್ತಿ ಎಳೆದು ತೆಪ್ಪ ಅರ್ಧ ಸುತ್ತು ತಿರುಗಿದಾಗ ಯಜಮಾನ್ರು ಏನೂ ಬೈಯಲಿಲ್ಲ. ಅವನ ಮೊಣಕೈ ಹಿಡಿದು ನಿಧಾನವಾಗಿ ಬಲಕ್ಕೆ ತಿರುಗಿಸಿದರು.

ನನ್ನ ಸೈಕಲ್ಲಿಗೆ ಗೋಣಿ ಸುತ್ತುತ್ತಾ ಇದ್ದರು. ಅಷ್ಟರಲ್ಲಿ ಆಚೆ ದಡದಿಂದ ಬೆಲ್ ಕೇಳಿಸಿತು. ಮೂರು ಸಲ, ಬಿಟ್ಟು ಬಿಟ್ಟು. ಯಜಮಾನ್ರು ಹುರಿ ಬಿಗಿದು, ಅಂಗೈಯಿಂದ ಒಂದು ಸಲ ಒತ್ತಿ ನೋಡಿ, ಹುಡುಗನ ಕಡೆ ತಿರುಗಿ ಅಂದರು.

"ಬುಚ್ಚು ಮಗ. ಕಾಯ್ತಾವ್ರೆ."